ಇಸಿ ನಿಲ್ ಬಂದಿದೆ. ಆದರೂ ಮನೆ ಮೇಲೆ ಬ್ಯಾಂಕ್ ಸಾಲ ಇರಬಹುದಾ?

ಚೇತು_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. 30-40 ಸೈಟು, ಕೆಳಗೆ ಮನೆ, ಮೇಲೆ ಒಂದು ರೂಮು. ರೇಟು ಮಾತಾಗಿದೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದೆ. ಈಗಿನ ಮಾಲೀಕರು 2009ರಲ್ಲಿ ಕೊಂಡ ಕ್ರಯಪತ್ರ ಒಂದು ಕಾಣುತ್ತದೆ. ಅದರ ಮುಂದಿನ ವರ್ಷಗಳಿಗೆ ನಮೂನೆ 16 ಬಂದಿದೆ, ಅಂದರೆ ನಿಲ್, ಯಾವ ದಾಖಲೆಯೂ ಇಲ್ಲ.

ಆದರೆ ಮಾಲೀಕರ ಹತ್ತಿರ ಒರಿಜಿನಲ್ ಕ್ರಯಪತ್ರ ಇಲ್ಲ. ಮನೆ ಬದಲಾಯಿಸುವಾಗ ಕಳೆದುಹೋಯಿತು, ಪೊಲೀಸ್ ಠಾಣೆಯಲ್ಲಿ ಕಂಪ್ಲೇಂಟ್ ಕೊಟ್ಟಿದ್ದೇನೆ, ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತೆಗೆಸಿಕೊಂಡಿದ್ದೇನೆ ಅನ್ನುತ್ತಾರೆ. ನಮ್ಮ ಸೋದರಮಾವ "ಇಸಿ ನಿಲ್ ಇದೆ ಅಲ್ವಾ, ಸುಮ್ನೆ ಅನುಮಾನ ಪಟ್ಟು ಒಳ್ಳೆ ಮನೆ ಬಿಡಬೇಡ" ಅಂತಾರೆ. ಹೆಂಡತಿಗೆ ಯಾಕೋ ಮನಸ್ಸಿಲ್ಲ. ಇಸಿಯಲ್ಲಿ ಕಾಣದ ಸಾಲ ಅನ್ನುವುದು ಇರುತ್ತದಾ? ಇದ್ದರೆ ಎಲ್ಲಿ ಹುಡುಕಬೇಕು?

ಪತ್ರಬರಹ_ಹಾಸನ

ನಾನು ಪತ್ರ ಬರಹಗಾರ. ಇಸಿ ಸರಿ ಇದ್ದು, ಖಾತೆ ಅವರ ಹೆಸರಿನಲ್ಲೇ ಇದ್ದು, ಕಂದಾಯ ಕಟ್ಟಿದ್ದರೆ ಯೋಚನೆ ಬೇಡ. ಪತ್ರ ಕಳೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಪೇಪರಿನಲ್ಲಿ ಒಂದು ಪ್ರಕಟಣೆ ಕೊಡಿಸಿ, ಯಾರೂ ತಕರಾರು ಎತ್ತದಿದ್ದರೆ ರಿಜಿಸ್ಟರ್ ಮಾಡಿಸಿಕೊಳ್ಳಿ.

ಹಳೇಬ್ಯಾಂಕಿನವ

ಚೇತು ಅವರೇ, ಅಡ್ವಾನ್ಸ್ ಕೊಡಬೇಡಿ. ನಿಮ್ಮ ಮನೆಯವರ ಮಾತು ಕೇಳಿ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ರಿಟೈರ್ ಆದವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಸಿ ಅಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿ. ಅಷ್ಟೇ. ಅಲ್ಲಿಗೆ ಬಾರದೇ ಇದ್ದದ್ದು ಅದರಲ್ಲಿ ಕಾಣುವುದಿಲ್ಲ. ಮನೆ ಅಡಮಾನ ಇಡುವುದಕ್ಕೆ ಪ್ರತಿ ಸಲವೂ ಅಲ್ಲಿಗೆ ಹೋಗಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58(ಎಫ್) ಪ್ರಕಾರ, ಸರ್ಕಾರ ಗುರುತಿಸಿದ ಊರುಗಳಲ್ಲಿ ಸಾಲಗಾರ ತನ್ನ ಹಕ್ಕುಪತ್ರಗಳನ್ನು ಅಡಮಾನದ ಉದ್ದೇಶದಿಂದ ಬ್ಯಾಂಕಿನವರ ಕೈಗೆ ಕೊಟ್ಟರೆ ಮುಗಿಯಿತು. ಅದೇ ಅಡಮಾನ. ಆಸ್ತಿ ಅದೇ ಊರಿನಲ್ಲಿ ಇರಬೇಕು ಅಂತಲೂ ಇಲ್ಲ. ತುಮಕೂರಿನ ಮನೆ ಪತ್ರವನ್ನು ಬೆಂಗಳೂರಿನ ಬ್ರಾಂಚಿನಲ್ಲಿ ಇಡಬಹುದು.

ಈಗೀಗ ನಮ್ಮ ರಾಜ್ಯದಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಎಂಓಡಿಟಿ (ಹಕ್ಕುಪತ್ರ ಠೇವಣಿ ಇಟ್ಟ ಬಗ್ಗೆ ಬರೆಯುವ ಪತ್ರ) ಬರೆಸಿ ನೋಂದಣಿ ಮಾಡಿಸುತ್ತವೆ, ಅದು ಇಸಿಯಲ್ಲಿ ಬರುತ್ತದೆ. ಹಿಂದೆ ಎಷ್ಟೋ ಕಡೆ ಪತ್ರ ಪಡೆದುಕೊಂಡು ಬ್ರಾಂಚಿನ ಪುಸ್ತಕದಲ್ಲಿ ದಾಖಲು ಮಾಡಿ ಬೀರುವಿನಲ್ಲಿ ಇಡುತ್ತಿದ್ದರು. ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದನ್ನೇ ಬಳಸಿಕೊಂಡು ಒಂದೇ ಮನೆಯ ಮೇಲೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಸಾಲ ಎತ್ತಿದವರಿದ್ದರು. ಒಂದು ಕಡೆ ಒರಿಜಿನಲ್, ಇನ್ನೊಂದು ಕಡೆ ಒರಿಜಿನಲ್ ಥರವೇ ಕಾಣುವ ಕಲರ್ ಪ್ರಿಂಟು. ಸಾಲ ಕೆಟ್ಟು ಹರಾಜಿಗೆ ಹೋದಾಗ ಬ್ಯಾಂಕುಗಳು ಮುಖ ಮುಖ ನೋಡಿಕೊಳ್ಳಬೇಕು.

ಈ ಮೋಸ ತಡೆಯುವುದಕ್ಕೆ ಬಂದದ್ದು ಸೆರ್ಸಾಯ್, ಅಂದರೆ ಅಡಮಾನಗಳನ್ನು ದಾಖಲಿಸುವ ಕೇಂದ್ರ ರಿಜಿಸ್ಟ್ರಿ. ಸಾಲ ಕೆಟ್ಟಾಗ ಬ್ಯಾಂಕು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿಯೇ ಇದರ ಮಾತಿತ್ತು. ಆದರೆ ಕೆಲಸ ಶುರುವಾದದ್ದು 2011ರ ಮಾರ್ಚ್ 31ಕ್ಕೆ. ಇಡೀ ದೇಶಕ್ಕೆ ಒಂದೇ ರಿಜಿಸ್ಟ್ರಿ, ಎಲ್ಲಾ ಆನ್‌ಲೈನ್. ಯಾವ ಆಸ್ತಿ, ಸಾಲಗಾರ ಯಾರು, ಯಾವ ಬ್ಯಾಂಕು, ಎಷ್ಟು ಮೊತ್ತ ಅಂತ ಬ್ಯಾಂಕಿನವರು ಅದರಲ್ಲಿ ತುಂಬಬೇಕು. ತುಂಬುವ ಶುಲ್ಕ 5 ಲಕ್ಷದವರೆಗಿನ ಸಾಲಕ್ಕೆ 50 ರೂಪಾಯಿ, ಮೇಲ್ಪಟ್ಟು 100. ಹುಡುಕುವುದು ನಾನು, ನೀವು, ಯಾರು ಬೇಕಾದರೂ ಮಾಡಬಹುದು. ಹತ್ತು ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೊಟ್ಟು ಮನೆ ಕೊಳ್ಳುವವರು ಈ ಹತ್ತು ರೂಪಾಯಿ ಖರ್ಚು ಮಾಡುವುದಿಲ್ಲ ನೋಡಿ, ಅದೇ ನನಗೆ ಆಶ್ಚರ್ಯ.

ಇನ್ನು ಆ ಕಳೆದುಹೋದ ಪತ್ರ. ಕಳೆದುಹೋಗಿದ್ದರೂ ಹೋಗಿರಬಹುದು. ಆದರೆ ನನ್ನ ಅನುಭವದಲ್ಲಿ ಕಳೆದುಹೋದ ಪತ್ರಗಳು ಜಾಸ್ತಿ ಸಿಗುವ ಜಾಗ ಬ್ಯಾಂಕಿನ ಲಾಕರ್ ರೂಮು.

ಚೇತು_ತುಮಕೂರು

ಸರ್, ಇದರ ಹೆಸರೇ ಕೇಳಿರಲಿಲ್ಲ. ನಮ್ಮ ಏಜೆಂಟ್‌ಗೂ ಗೊತ್ತಿಲ್ಲ ಅಂತಾರೆ. ಒಂದು ಡೌಟು. ನಾನು ಹುಡುಕದೇ ಕೊಂಡೆ ಅಂತಿಟ್ಟುಕೊಳ್ಳಿ. "ನನಗೆ ಗೊತ್ತಿರಲಿಲ್ಲ, ಇಸಿ ನೋಡಿಯೇ ಕೊಂಡಿದ್ದೇನೆ" ಅಂತ ಕೋರ್ಟಿನಲ್ಲಿ ಹೇಳಬಹುದಲ್ಲ?

ವಕೀಲೆ_ಸುಮಾ

ಹೇಳಬಹುದು, ಗಟ್ಟಿಯಾಗಿ ನಿಲ್ಲುವುದಿಲ್ಲ. ಸರ್ಫೇಸಿ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರಲ್ಲಿ ಈ ರಿಜಿಸ್ಟ್ರಿಗೆ ಸಂಬಂಧಿಸಿದ ಹೊಸ ಕಲಮುಗಳು ಜಾರಿಗೆ ಬಂದದ್ದು 2020ರ ಜನವರಿ 24ರಿಂದ. 26ಸಿ ಕಲಂ ಪ್ರಕಾರ ಸೆರ್ಸಾಯ್‌ನಲ್ಲಿ ವಿವರ ಸಲ್ಲಿಸಿದ ದಿನ ಮತ್ತು ಗಂಟೆಯಿಂದಲೇ ಅದು ಸಾರ್ವಜನಿಕ ನೋಟಿಸ್. ಅಂದರೆ ನೀವು ನೋಡಿರಲಿ, ಬಿಡಲಿ, ನಿಮಗೆ ಗೊತ್ತಿತ್ತು ಅಂತಲೇ ಲೆಕ್ಕ. ಆಮೇಲೆ ಆ ಆಸ್ತಿಯನ್ನು ಯಾರಿಗೆ ಮಾರಿದರೂ, ಲೀಸಿಗೆ ಕೊಟ್ಟರೂ, ಮತ್ತೊಬ್ಬರಿಗೆ ಅಡಮಾನ ಇಟ್ಟರೂ ಮೊದಲು ದಾಖಲಿಸಿದ ಬ್ಯಾಂಕಿನ ಹಕ್ಕು ಮುಂದೆ.

ಬ್ಯಾಂಕಿಗೂ ಕಟ್ಟು ಇದೆ. 26ಡಿ ಪ್ರಕಾರ ಸೆರ್ಸಾಯ್‌ನಲ್ಲಿ ದಾಖಲಿಸದಿದ್ದರೆ ಸರ್ಫೇಸಿ ಕೆಳಗೆ ಮನೆಗೆ ಬೀಗ ಹಾಕಿ ಹರಾಜು ಹಾಕುವ ಅಧಿಕಾರ ಬಳಸುವಂತಿಲ್ಲ. ಹಾಗಂತ ಸಾಲ ಹೋಗಿಬಿಡುವುದಿಲ್ಲ, ಡಿಆರ್‌ಟಿಗೋ (ಸಾಲ ವಸೂಲಿ ನ್ಯಾಯಮಂಡಳಿ) ಸಿವಿಲ್ ಕೋರ್ಟಿಗೋ ಹೋಗಬೇಕು ಅಷ್ಟೇ. 26ಇ ಇನ್ನೂ ದೊಡ್ಡದು. ದಾಖಲಿಸಿದ ಬ್ಯಾಂಕಿನ ಬಾಕಿ ಸರ್ಕಾರದ ತೆರಿಗೆ ಬಾಕಿಗಿಂತಲೂ ಮೊದಲು. ಸೇಲ್ಸ್ ಟ್ಯಾಕ್ಸ್ ಇಲಾಖೆ ಮತ್ತು ಬ್ಯಾಂಕುಗಳ ನಡುವೆ ಇದಕ್ಕೇ ವರ್ಷಗಟ್ಟಲೆ ಜಗಳ ನಡೆದಿದೆ. 2022ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಜಳಗಾಂವ್ ಜನತಾ ಸಹಕಾರಿ ಬ್ಯಾಂಕಿನ ಕೇಸಿನಲ್ಲಿ ಸೆರ್ಸಾಯ್ ದಾಖಲಾತಿಗೇ ತೂಕ ಕೊಟ್ಟಿತು. ಸರ್ಕಾರದ ತೆರಿಗೆಯೇ ಹಿಂದೆ ನಿಲ್ಲುವಾಗ ಕೊಂಡವರ "ಗೊತ್ತಿರಲಿಲ್ಲ" ಎಷ್ಟರದು, ಯೋಚಿಸಿ.

ಪತ್ರಬರಹ_ಹಾಸನ

ಮೇಡಂ, ಜನರನ್ನು ಹೆದರಿಸಬೇಡಿ. ನನ್ನ ಕೈಯಲ್ಲಿ ಬರೆದ ಪತ್ರಗಳಲ್ಲಿ ಇಂಥದ್ದು ಎದುರಾದದ್ದು ಅಪರೂಪ. ಇದನ್ನೆಲ್ಲ ನೋಡುತ್ತಾ ಕೂತರೆ ಯಾರೂ ಸೈಟು ಕೊಳ್ಳುವುದೇ ಇಲ್ಲ.

ವಕೀಲೆ_ಸುಮಾ

ಅಪರೂಪ ಅನ್ನುವುದು ನಿಜ ಇರಬಹುದು ಸರ್. ಆದರೆ ಪತ್ರ ಬರೆದ ಮೇಲೆ ಏನಾಯಿತು ಅಂತ ನಿಮ್ಮ ಹತ್ತಿರ ಬಂದು ಹೇಳುವವರು ಕಡಿಮೆ. ಅವರೆಲ್ಲ ನಮ್ಮ ಹತ್ತಿರ ಬರುತ್ತಾರೆ.

ಪೀಣ್ಯ_ಲೇತ್

ಚೇತು ಅಣ್ಣ, ನಿಮ್ಮ ಥ್ರೆಡ್ಡಿನಲ್ಲಿ ನನ್ನದೂ ಒಂದು ಪ್ರಶ್ನೆ ತೂರಿಸುತ್ತೇನೆ. ಸೆಕೆಂಡ್ ಹ್ಯಾಂಡ್ ವಿಎಂಸಿ ಮೆಷಿನ್ (ಲೋಹ ಕೊರೆಯುವ ಯಂತ್ರ) ಕೊಳ್ಳಬೇಕು. ಮಾರುವವರದ್ದು ಪ್ರೊಪ್ರೈಟರ್‌ಶಿಪ್. ಮೆಷಿನ್ನಿಗೆ ಇಸಿಯೂ ಇಲ್ಲ, ಆರ್‌ಸಿಯೂ ಇಲ್ಲ. ಇನ್‌ವಾಯ್ಸ್ ಅವರ ಹೆಸರಿನಲ್ಲೇ ಇದೆ. ಸಾಲ ಇದೆಯಾ ಅಂತ ತಿಳಿಯುವುದು ಹೇಗೆ? ಹಿಂದೆ ನನ್ನ ಸ್ನೇಹಿತ ಒಬ್ಬ ಹೀಗೇ ಒಂದು ಮೆಷಿನ್ ತಂದಿದ್ದ. ಕೆಲವು ತಿಂಗಳಾದ ಮೇಲೆ ಬ್ಯಾಂಕಿನವರು ಶೆಡ್ಡಿಗೇ ಬಂದು ನಂಬರ್ ಪ್ಲೇಟಿನ ಫೋಟೋ ಹೊಡೆದುಕೊಂಡು ಹೋದರು.

ಹಳೇಬ್ಯಾಂಕಿನವ

ಒಳ್ಳೆ ಪ್ರಶ್ನೆ. ಮೊದಲು ಒಂದು ವಿಷಯ. ಬಂಗಾರದ ಸಾಲಕ್ಕೆ ಯಾಕೆ ಯಾವ ರಿಜಿಸ್ಟ್ರಿಯನ್ನೂ ಹುಡುಕುವುದಿಲ್ಲ? ಬಂಗಾರ ಬ್ಯಾಂಕಿನ ಕೈಯಲ್ಲೇ ಇರುತ್ತದೆ. ಅಡವು ಇಟ್ಟವನು ಅದನ್ನು ತೋರಿಸಿ ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ. ಮೆಷಿನ್ ಹಾಗಲ್ಲ. ಸಾಲ ಬ್ಯಾಂಕಿನದು, ಮೆಷಿನ್ ಶೆಡ್ಡಿನಲ್ಲೇ ತಿರುಗುತ್ತಿರುತ್ತದೆ. ನೋಡಿದವರಿಗೆ ಮಾಲೀಕನದೇ ಅನ್ನಿಸುತ್ತದೆ. ಇದಕ್ಕೆ ಹೈಪಾಥಿಕೇಶನ್ ಅನ್ನುತ್ತೇವೆ. ವಸ್ತು ಸಾಲಗಾರನ ಹತ್ತಿರವೇ ಉಳಿಯುವುದರಿಂದ, ಊರಿಗೆಲ್ಲ ಗೊತ್ತಾಗುವ ಹಾಗೆ ಎಲ್ಲಾದರೂ ಬರೆದಿಡಬೇಕಾಗುತ್ತದೆ. ಶೆಡ್ಡಿನ ಗೋಡೆಗೆ "ಈ ಯಂತ್ರಗಳು ಇಂಥ ಬ್ಯಾಂಕಿಗೆ ಹೈಪಾಥಿಕೇಟ್ ಆಗಿವೆ" ಅಂತ ಬೋರ್ಡು ಹೊಡೆಸುತ್ತಿದ್ದದ್ದೂ ಇದಕ್ಕೇ. ಮಾರುವ ದಿನ ಬೋರ್ಡು ಕಳಚಿ ಇಡಲು ಎಷ್ಟು ಹೊತ್ತು ಬೇಕು?

ಮಾರುವವರು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಸುಲಭವಿತ್ತು. ಕಂಪನಿ ತನ್ನ ಆಸ್ತಿ ಮೇಲೆ ಚಾರ್ಜ್ (ಸಾಲಕ್ಕೆ ಭದ್ರತೆಯ ಹಕ್ಕು) ಕೊಟ್ಟರೆ 2013ರ ಕಂಪನಿ ಕಾಯ್ದೆಯ 77ನೇ ಕಲಂ ಪ್ರಕಾರ 30 ದಿನದೊಳಗೆ ಸಿಎಚ್‌ಜಿ-1 ಅನ್ನುವ ಫಾರಂ ಸಲ್ಲಿಸಬೇಕು. ತಡವಾದರೆ ಹೆಚ್ಚುವರಿ ಶುಲ್ಕ. ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಚಾರ್ಜುಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಯಾವ ಬ್ಯಾಂಕು, ಎಷ್ಟು ಮೊತ್ತ, ತೀರಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ಯಾವ ಮೆಷಿನ್ ಅಂತ ಬೇಕಾದರೆ ಶುಲ್ಕ ಕಟ್ಟಿ ಸಿಎಚ್‌ಜಿ-1 ತೆರೆದು, ಜೊತೆಗೆ ಹಾಕಿರುವ ಹೈಪಾಥಿಕೇಶನ್ ಕರಾರು ಓದಿ. ಹೆಚ್ಚಿನ ಸಲ "ಈಗಿರುವ ಮತ್ತು ಮುಂದೆ ಬರುವ ಎಲ್ಲಾ ಯಂತ್ರ, ಸ್ಟಾಕು, ಬರಬೇಕಾದ ಬಾಕಿ" ಅಂತ ಒಟ್ಟಾರೆ ಬರೆದಿರುತ್ತಾರೆ. ಹಾಗಿದ್ದರೆ ನಿಮ್ಮ ಮೆಷಿನ್ನೂ ಅದರೊಳಗೇ ಬಂತು.

ಪ್ರೊಪ್ರೈಟರ್, ಪಾಲುದಾರಿಕೆ ಸಂಸ್ಥೆಗಳಿಗೆ ಆ ಪುಸ್ತಕ ಇಲ್ಲ. ಅಲ್ಲಿ ಸೆರ್ಸಾಯೇ ಗತಿ. ಶುರುವಿನಲ್ಲಿ ಅಲ್ಲಿ ಮನೆ, ಸೈಟಿನ ಅಡಮಾನಗಳೇ ಮುಖ್ಯವಾಗಿದ್ದವು. 2016ರ ಜನವರಿಯಲ್ಲಿ ನಿಯಮ ಬದಲಾಯಿಸಿ ಯಂತ್ರ, ಸ್ಟಾಕು, ಬರಬೇಕಾದ ಬಾಕಿ, ಪೇಟೆಂಟ್ ಥರದ ಆಸ್ತಿಗಳನ್ನೂ ಸೇರಿಸಿದರು. ನೀವು ಆಸ್ತಿಯ ಮೇಲೆ ಹುಡುಕುವುದಕ್ಕಿಂತ ಸಾಲಗಾರನ ಮೇಲೆ ಹುಡುಕಿ. ಪ್ರೊಪ್ರೈಟರ್ ಅಂದರೆ ಸಂಸ್ಥೆ ಬೇರೆ, ಮನುಷ್ಯ ಬೇರೆ ಅಲ್ಲ. ಆದ್ದರಿಂದ ಬೋರ್ಡಿನ ಮೇಲಿನ ಹೆಸರಲ್ಲ, ಮಾಲೀಕರ ಪ್ಯಾನ್. ಬ್ಯಾಂಕಿನವರು ಮೆಷಿನ್ನಿನ ಸೀರಿಯಲ್ ನಂಬರ್ ಸರಿಯಾಗಿ ತುಂಬಿದ್ದಾರೆ ಅಂತ ನಂಬಿ ಕೂರಬೇಡಿ.

ಪೀಣ್ಯ_ಲೇತ್

ಪ್ಯಾನ್ ಜಿಎಸ್‌ಟಿ ನಂಬರಿನೊಳಗೇ ಇರುತ್ತದಲ್ಲ! ಇನ್‌ವಾಯ್ಸ್ ಮೇಲೆ ಸಿಕ್ಕಿತು. ಥ್ಯಾಂಕ್ಸ್ ಸರ್, ನೋಡಿ ಹೇಳುತ್ತೇನೆ.

ಗಾಡಿ_ಗಣೇಶ

ನಮ್ಮ ಲೈನಿನಲ್ಲಿ ಇದೆಲ್ಲ ತಲೆನೋವು ಕಮ್ಮಿ. ಗಾಡಿಗೆ ಸಾಲ ಇದ್ದರೆ ಆರ್‌ಸಿ ಮೇಲೇ ಎಚ್‌ಪಿ (ಹೈಪಾಥಿಕೇಶನ್) ಅಂತ ಫೈನಾನ್ಸ್‌ನವರ ಹೆಸರು ಬರುತ್ತದೆ. ಆರ್‌ಸಿ ಕಾರ್ಡ್ ಹಳೆಯದಾಗಿದ್ದರೆ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ದಾಖಲೆಯ ನಕಲು) ತೆಗೆಸಿ, ಇವತ್ತಿನ ಸ್ಥಿತಿ ಗೊತ್ತಾಗುತ್ತದೆ. ಸಾಲ ತೀರಿದ ಮೇಲೆ ಫೈನಾನ್ಸ್‌ನವರ ಎನ್‌ಓಸಿ ಮತ್ತು ಸಹಿ ಮಾಡಿದ ಫಾರಂ 35 ಕೊಟ್ಟು ಎಚ್‌ಪಿ ತೆಗೆಸಬೇಕು. ಜನ ಕೊನೇ ಕಂತು ಕಟ್ಟಿ ಸಿಹಿ ಹಂಚಿ ಸುಮ್ಮನಾಗುತ್ತಾರೆ. ವರ್ಷಗಳಾದ ಮೇಲೆ ಮಾರಲು ಹೋದರೆ ಆ ಫೈನಾನ್ಸ್ ಕಂಪನಿಯೇ ಮುಚ್ಚಿಹೋಗಿರುತ್ತದೆ. ಆಮೇಲೆ ಎನ್‌ಓಸಿ ಯಾರು ಕೊಡುತ್ತಾರೆ?

ಮಂಡ್ಯ_ಕಬ್ಬು

ಹೊಲಕ್ಕೂ ಅದೇ ಕಥೆ. ಪಹಣಿಯ 11ನೇ ಕಾಲಂ ನೋಡಿ. ನಮ್ಮ ತಂದೆಯವರ ಕಾಲದಲ್ಲಿ ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲ ತೀರಿ ಯಾವ ಕಾಲ ಆಯಿತೋ, ಋಣ ಅಂತ ಹಾಗೆಯೇ ಕೂತಿತ್ತು. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಎದ್ದು ಬಂತು. ಸೊಸೈಟಿಯಲ್ಲಿ ಹಳೇ ಲೆಡ್ಜರ್ ಹುಡುಕಿಸಿ, ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಂಡು, ತಾಲ್ಲೂಕು ಆಫೀಸಿಗೆ ಓಡಾಡಿ ತೆಗೆಸುವಷ್ಟರಲ್ಲಿ ಸಾಕುಬೇಕಾಯಿತು.

ಒಂದು ಕೇಳಬೇಕು. ಹೊಲದ ಮೇಲಿನ ಬ್ಯಾಂಕ್ ಸಾಲವೂ ಈ ಸೆರ್ಸಾಯ್‌ನಲ್ಲಿ ಬರುತ್ತದಾ?

ವಕೀಲೆ_ಸುಮಾ

ಬೇಸಾಯದ ಜಮೀನಿನ ಮೇಲಿನ ಹಕ್ಕಿಗೆ ಸರ್ಫೇಸಿ ಅನ್ವಯ ಆಗುವುದಿಲ್ಲ, 31ನೇ ಕಲಮಿನಲ್ಲೇ ವಿನಾಯಿತಿ ಇದೆ. ಆದ್ದರಿಂದ ಜಮೀನಿಗೆ ಸೆರ್ಸಾಯ್ ನೋಡಿ ಏನೂ ಇಲ್ಲ ಅಂತ ಸಮಾಧಾನ ಪಡಬೇಡಿ. ನಮ್ಮಲ್ಲಿ ಇದಕ್ಕೆ 1974ರ ಕರ್ನಾಟಕ ಕೃಷಿ ಸಾಲ ಕಾಯ್ದೆ ಇದೆ. ರೈತ ಬ್ಯಾಂಕಿಗೆ ಒಂದು ಘೋಷಣೆ ಬರೆದುಕೊಟ್ಟರೆ ಜಮೀನಿನ ಮೇಲೆ ಚಾರ್ಜ್ ಆಗುತ್ತದೆ, ಅದು ಪಹಣಿಗೆ ಏರುತ್ತದೆ. ಈಗ ರೈತರ ದಾಖಲೆಗಳ ಫ್ರೂಟ್ಸ್ ತಂತ್ರಾಂಶದ ಮೂಲಕ ಬ್ಯಾಂಕಿನಿಂದಲೇ ಆನ್‌ಲೈನಿನಲ್ಲಿ ಕಳಿಸುತ್ತಾರೆ. ಜಮೀನು ಕೊಳ್ಳುವವರು ಪಹಣಿ, ಮ್ಯುಟೇಶನ್, ಇಸಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಜಮೀನು ಅನ್ಯಕ್ರಾಂತ ಆಗಿದ್ದರೆ ಸೆರ್ಸಾಯ್ ಕೂಡ.

ಡಲ್ಲಾಸ್_ರಾಘು

ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿ ಯಂತ್ರಗಳಿಗೆ ಸಾಲ ಕೊಡುವ ಕಂಪನಿಯಲ್ಲಿದ್ದೇನೆ. ನನ್ನ ದಿನದ ಅರ್ಧ ಕೆಲಸ ಇದೇ ಹುಡುಕಾಟ, ಅದಕ್ಕೇ ಈ ಥ್ರೆಡ್ ನೋಡಿ ಖುಷಿಯಾಯಿತು.

ಇಲ್ಲಿ ಯಂತ್ರ, ಸ್ಟಾಕು, ಬಾಕಿ ಮೇಲಿನ ಸಾಲಕ್ಕೆ ಯುಸಿಸಿ-1 ಅಂತ ಒಂದು ಚಿಕ್ಕ ಫಾರಂ. ಸಾಲಗಾರನ ಹೆಸರು, ಸಾಲ ಕೊಟ್ಟವರ ಹೆಸರು, ಯಾವ ವಸ್ತು ಅಂತ ಒಂದೆರಡು ಸಾಲು. ಸಾಲಗಾರ ಇರುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಸಲ್ಲಿಸುತ್ತಾರೆ. ಕಂಪನಿಯಾದರೆ ಅದು ನೋಂದಣಿಯಾದ ರಾಜ್ಯ. ಸಾಮಾನ್ಯವಾಗಿ ಮೊದಲು ಸಲ್ಲಿಸಿದವರು ಮುಂದೆ. ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ, ಕೊನೆಯ ಆರು ತಿಂಗಳಲ್ಲಿ ಮುಂದುವರಿಸುವ ಅರ್ಜಿ ಹಾಕಬೇಕು. ಮರೆತರೆ ಸಾಲಿನಲ್ಲಿದ್ದ ಜಾಗ ಹೋಯಿತು. ಕಾರು, ಟ್ರಕ್ಕಿಗೆ ಮಾತ್ರ ಗಣೇಶ್ ಅವರು ಹೇಳಿದ ಹಾಗೆಯೇ, ಗಾಡಿಯ ಟೈಟಲ್ ಮೇಲೇ ಬರೆಯುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಸರ್ವೆ ನಂಬರ್, ಪ್ಯಾನ್ ಇದೆ. ಇಲ್ಲಿ ಎಲ್ಲ ನಿಂತಿರುವುದು ಹೆಸರಿನ ಮೇಲೆ. ಹೆಸರು ತಪ್ಪಿ, ಸರಿಯಾದ ಹೆಸರಲ್ಲಿ ಹುಡುಕಿದಾಗ ಫೈಲಿಂಗ್ ಬರದಿದ್ದರೆ ಅದು ಇಲ್ಲದ ಹಾಗೆಯೇ. ಕ್ಯಾನ್ಸಸ್‌ನ ಒಬ್ಬ ರೈತನ ಯಂತ್ರಗಳಿಗೆ ಸಾಲ ಕೊಟ್ಟವರು ಪೂರ್ತಿ ಹೆಸರಿನ ಬದಲು ಊರವರು ಕರೆಯುವ ಚಿಕ್ಕ ಹೆಸರು ಹಾಕಿದ್ದರು. ರೈತ ದಿವಾಳಿಯಾದಾಗ 2004ರಲ್ಲಿ ಮೇಲ್ಮನವಿ ಪೀಠ ಆ ಫೈಲಿಂಗ್ ನಡೆಯುವುದಿಲ್ಲ ಅಂದಿತು. ಆಮೇಲೆ 2013ರಿಂದ ಹೆಚ್ಚಿನ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆಯೇ ಹಾಕಬೇಕು ಅಂತ ನಿಯಮ ಆಯಿತು. ನಮ್ಮ ಕಡೆಯವರ ಅರ್ಜಿ ಬಂದರೆ ನಾನು ಎರಡು ಸಲ ನೋಡುತ್ತೇನೆ. ಊರಿನಲ್ಲಿ ಇನಿಷಿಯಲ್ ಆಗಿದ್ದದ್ದು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಆಗಿ ಬಿಚ್ಚಿಕೊಂಡಿರುತ್ತದೆ. ಲೈಸೆನ್ಸಿನಲ್ಲಿ ಯಾವುದು ಮೊದಲ ಹೆಸರು, ಯಾವುದು ಕೊನೆಯದು ಅನ್ನುವುದು ಆ ದಿನ ಕೌಂಟರಿನಲ್ಲಿದ್ದವರ ಮೇಲೆ ಹೋಗಿರುತ್ತದೆ.

ತೆಗೆಸುವುದರಲ್ಲೂ ಎಡವಟ್ಟು ಆಗುತ್ತದೆ. ಎಲ್ಲಕ್ಕಿಂತ ದೊಡ್ಡದು ಜನರಲ್ ಮೋಟಾರ್ಸ್ ಕೇಸು. 2008ರಲ್ಲಿ ಅವರು ಒಂದು ಸಾಲ ತೀರಿಸಿದರು. ಅದರ ಫೈಲಿಂಗ್ ರದ್ದು ಮಾಡಲು ಯುಸಿಸಿ-3 ಪತ್ರಗಳನ್ನು ವಕೀಲರು ತಯಾರಿಸಿದರು. ಆ ಕಟ್ಟಿನಲ್ಲಿ, ಸಂಬಂಧವೇ ಇಲ್ಲದ 150 ಕೋಟಿ ಡಾಲರ್ ಸಾಲದ ಫೈಲಿಂಗ್ ನಂಬರೂ ಸೇರಿಕೊಂಡಿತು. ಎರಡೂ ಕಡೆಯ ವಕೀಲರು ನೋಡಿದರು, ಯಾರೂ ಹಿಡಿಯಲಿಲ್ಲ. ಮುಂದಿನ ವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಲ ಕೊಟ್ಟ ಕಡೆಯ ಜೆಪಿ ಮಾರ್ಗನ್ ಬ್ಯಾಂಕು "ಅದು ನಮ್ಮ ಉದ್ದೇಶ ಆಗಿರಲಿಲ್ಲ" ಅಂತ ವಾದಿಸಿತು. 2015ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದು ಇಷ್ಟೇ: ಸಲ್ಲಿಸಲು ಒಪ್ಪಿಗೆ ಕೊಟ್ಟಿದ್ದೀರಿ, ರದ್ದಾಗಿದೆ.

ಹಳೇಬ್ಯಾಂಕಿನವ

ಅಬ್ಬಾ! ನಮ್ಮ ಬ್ರಾಂಚಿನಲ್ಲಿ ಹೀಗೆ ಆಗಿದ್ದರೆ ನನಗೆ ಪೆನ್ಷನ್ ಬರುತ್ತಿರಲಿಲ್ಲ.

ರಾಘು ಅವರು ಹೇಳಿದ ಹೆಸರಿನ ವಿಷಯ ನಮಗೂ ಬೇಕಾದದ್ದೇ. ಸೆರ್ಸಾಯ್‌ನಲ್ಲಿ ಆಸ್ತಿ ವಿವರ ತುಂಬುವವರು ಬ್ಯಾಂಕಿನ ಯಾರೋ ಹೊಸ ಹುಡುಗರು. ಲಕ್ಷ್ಮಿಗೆ ಇಂಗ್ಲಿಷಿನಲ್ಲಿ ಎಕ್ಸ್ ಹಾಕುವವರಿದ್ದಾರೆ, ಕೆಎಸ್‌ಎಚ್ ಹಾಕುವವರಿದ್ದಾರೆ. ಮಂಜುನಾಥ, ಮಂಜುನಾಥ್, ಮಂಜುನಾಥಯ್ಯ. ಸರ್ವೆ ನಂಬರ್ 45/2ಎ ಅನ್ನುವುದನ್ನು ಒಬ್ಬರು ಓರೆಗೆರೆ ಹಾಕಿ ಬರೆದರೆ ಇನ್ನೊಬ್ಬರು ಅಡ್ಡಗೆರೆ. ಸೈಟಿಗೆ ಲೇಔಟಿನ ನಂಬರ್ ಒಂದು, ಖಾತಾ ನಂಬರ್ ಒಂದು, ಇ-ಖಾತೆ ಆದ ಮೇಲೆ ಮತ್ತೊಂದು. ಸಾಲ ಕೊಟ್ಟ ದಿನ ಇದ್ದ ನಂಬರ್ ರಿಜಿಸ್ಟ್ರಿಯಲ್ಲಿ ಇರುತ್ತದೆ, ಇವತ್ತಿನದಲ್ಲ.

ಚೇತು, ಒಂದೇ ಸಲ ಹುಡುಕಿ "ದಾಖಲೆ ಇಲ್ಲ" ಅಂತ ಬಂದರೆ ನಂಬಬೇಡಿ. 2009ರ ಕ್ರಯಪತ್ರದ ಷೆಡ್ಯೂಲ್‌ನಲ್ಲಿರುವ ಹಾಗೆ ಹುಡುಕಿ. ಈಗಿನ ಖಾತೆಯ ಪ್ರಕಾರ ಹುಡುಕಿ. ಲೇಔಟ್ ಆಗುವ ಮುಂಚಿನ ಸರ್ವೆ ನಂಬರ್ ಹಾಕಿ. ಆಮೇಲೆ ಮಾಲೀಕರ ಪ್ಯಾನ್ ಮೇಲೆ. ಪ್ಯಾನ್ ಕೊಡಲು ಹಿಂದೆಮುಂದೆ ನೋಡಿದರೆ, 50 ಲಕ್ಷ ಮುಟ್ಟಿದ ಕ್ರಯಕ್ಕೆ ಟಿಡಿಎಸ್ ಕಟ್ಟಲು ಹೇಗೂ ಬೇಕೇ ಬೇಕು ಅಂತ ಹೇಳಿ.

ನಮ್ಮೂರ_ಫ್ಲಾಟು

ಹೊಸ ಫ್ಲಾಟ್ ಕೊಳ್ಳುವವರಿಗೂ ಇದೇನಾ?

ವಕೀಲೆ_ಸುಮಾ

ಹೌದು, ಅಲ್ಲಿ ಫ್ಲಾಟಿನ ಬದಲು ಬಿಲ್ಡರ್ ಮತ್ತು ಜಾಗದ ಮೇಲೆ ಹುಡುಕಬೇಕು. ಬಿಲ್ಡರ್ ಕಂಪನಿ ಆಗಿದ್ದರೆ ಎಂಸಿಎ ಚಾರ್ಜ್ ಪಟ್ಟಿ, ಜಾಗಕ್ಕೆ ಸೆರ್ಸಾಯ್ ಮತ್ತು ಇಸಿ. ಪ್ರಾಜೆಕ್ಟ್ ಸಾಲ ಇರುವುದು ತಪ್ಪೇನಲ್ಲ. ನಿಮ್ಮ ಫ್ಲಾಟ್ ನಂಬರ್ ಬರೆದು ಆ ಬ್ಯಾಂಕು ಕೊಟ್ಟ ಎನ್‌ಓಸಿ ಕೈಗೆ ಬರಬೇಕು. ಬಿಲ್ಡರ್ ಬಾಯಿಮಾತು ಸಾಲದು. ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ 11ನೇ ಕಲಂ, ನಿಮ್ಮ ಜೊತೆ ಕರಾರು ಆದ ಮೇಲೆ ಆ ಫ್ಲಾಟನ್ನು ಅಡಮಾನ ಇಡುವಂತಿಲ್ಲ, ಇಟ್ಟರೂ ನಿಮ್ಮ ಹಕ್ಕಿಗೆ ತೊಂದರೆ ಇಲ್ಲ ಅನ್ನುತ್ತದೆ. ಕರಾರಿನ ಮುಂಚೆಯೇ ಇಟ್ಟಿದ್ದರೆ ಆ ಮಾತಿನಿಂದ ನಿಮಗೆ ಉಪಯೋಗ ಇಲ್ಲ.

ಚೇತು_ತುಮಕೂರು

ಸಿಕ್ಕಿತು.

ಇ-ಖಾತೆಯ ನಂಬರ್ ಹಾಕಿದಾಗ ಏನೂ ಬರಲಿಲ್ಲ. ಕ್ರಯಪತ್ರದಲ್ಲಿದ್ದ ಸೈಟ್ ನಂಬರ್, ಲೇಔಟ್ ಹೆಸರು ಹಾಕಿದಾಗ ಒಂದು ಎಂಟ್ರಿ ಬಂತು. ಹಕ್ಕುಪತ್ರ ಠೇವಣಿ ಮೂಲಕ ಅಡಮಾನ, ಬೆಂಗಳೂರಿನ ಒಂದು ಬ್ರಾಂಚು. ಸಾಲಗಾರರ ಹೆಸರು ಮಾಲೀಕರದಲ್ಲ, ಒಂದು ಅಕ್ಕಿ ಗಿರಣಿಯದು. ತೀರಿದೆ ಅಂತ ಎಲ್ಲೂ ಇಲ್ಲ.

ಪ್ರಿಂಟ್ ತೋರಿಸಿ ಕೇಳಿದೆ. ಮೊದಲು ಬೇರೆ ಯಾರದೋ ಇರಬೇಕು ಅಂದರು. ಆಮೇಲೆ ಅಣ್ಣನ ಗಿರಣಿಗೆ ತಾನು ಜಾಮೀನಾಗಿ ಪತ್ರ ಕೊಟ್ಟಿದ್ದೆ, ಸಾಲ ಹೆಚ್ಚೂಕಮ್ಮಿ ತೀರಿದೆ, ನೀವು ಹಣ ಕೊಟ್ಟರೆ ಪೂರ್ತಿ ತೀರಿಸಿ ಪತ್ರ ಬಿಡಿಸಿಕೊಡುತ್ತೇನೆ ಅಂದರು. ಪೊಲೀಸ್ ಕಂಪ್ಲೇಂಟಿನ ಬಗ್ಗೆ ಕೇಳಿದ್ದಕ್ಕೆ ಉತ್ತರ ಇಲ್ಲ. ಮಾವ ಈಗ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದಾರೆ. ಮನೆ ಮಾತ್ರ ನಮಗೆ ಇಷ್ಟ ಇದೆ, ಶಾಲೆಗೂ ಹತ್ತಿರ. ಮುಂದುವರಿಯಬಹುದಾ, ಇಲ್ಲಾ ಕೈಬಿಡಬೇಕಾ?

ಹಳೇಬ್ಯಾಂಕಿನವ

ನನ್ನನ್ನು ಕೇಳಿದರೆ ಕೈಬಿಡಿ. ಸಾಲ ಇರುವುದಕ್ಕಲ್ಲ, ಸಾಲ ಇರುವ ಮನೆಗಳು ದಿನಾ ಮಾರಾಟ ಆಗುತ್ತವೆ. ಪತ್ರ ಬ್ಯಾಂಕಿನಲ್ಲಿದೆ ಅಂತ ಗೊತ್ತಿದ್ದೂ ಠಾಣೆಗೆ ಹೋಗಿ ಕಳೆದಿದೆ ಅಂತ ಬರೆದುಕೊಟ್ಟ ಮನುಷ್ಯ ಅವರು.

ವಕೀಲೆ_ಸುಮಾ

ಸರ್ ಹೇಳಿದ್ದು ಸರಿ. ಆದರೂ ಚೇತು ಅವರಿಗೆ ಬೇಕೇ ಬೇಕು ಅಂದರೆ ದಾರಿ ಇದೆ. ಹಣ ಮಾಲೀಕರ ಕೈಗೆ ಹೋಗಬಾರದು, ಅಷ್ಟೇ. ಮಾಲೀಕರು ಮತ್ತು ಗಿರಣಿಯವರು ಇಬ್ಬರೂ ಸಹಿ ಹಾಕಿ ಆ ಬ್ರಾಂಚಿಗೆ ಅರ್ಜಿ ಕೊಡಲಿ. ಇವತ್ತಿಗೆ ಬಾಕಿ ಎಷ್ಟು, ಇಷ್ಟು ಕಟ್ಟಿದರೆ ಈ ಮನೆಯನ್ನು ಬಿಡುತ್ತೀರಾ, ನಿಮ್ಮ ಹತ್ತಿರ ಇರುವ ಪತ್ರಗಳ ಪಟ್ಟಿ ಏನು ಅಂತ ಬ್ಯಾಂಕು ಲಿಖಿತವಾಗಿ ಕೊಡಬೇಕು. ಒಂದು ಎಚ್ಚರ: ಗಿರಣಿಗೆ ಒಂದೇ ಸಾಲ ಅಂತ ತಿಳಿಯಬೇಡಿ. ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ, ಟರ್ಮ್ ಲೋನ್ ಎರಡಕ್ಕೂ ಇದೇ ಮನೆ ಭದ್ರತೆ ಆಗಿರಬಹುದು. ಒಂದನ್ನು ತೀರಿಸಿದರೆ ಇನ್ನೊಂದಕ್ಕೆ ಹಿಡಿದಿಟ್ಟುಕೊಳ್ಳುತ್ತಾರೆ.

ಪತ್ರ ಬಂದ ಮೇಲೆ, ನಿಮ್ಮ ಹಣ ನೇರವಾಗಿ ಆ ಸಾಲದ ಖಾತೆಗೆ ಡಿಡಿ ಅಥವಾ ಆರ್‌ಟಿಜಿಎಸ್. ಒರಿಜಿನಲ್ ಕ್ರಯಪತ್ರ ಕೈಗೆ ಬಂದ ಮೇಲೆ ಉಳಿದ ಹಣ ಮಾಲೀಕರಿಗೆ. ಸಾಲ ಪೂರ್ತಿ ತೀರಿದರೆ ಬ್ಯಾಂಕು 30 ದಿನದೊಳಗೆ ಸೆರ್ಸಾಯ್‌ಗೆ ತಿಳಿಸಬೇಕು, ಅದಕ್ಕೆ ಶುಲ್ಕ ಇಲ್ಲ. ತಿಳಿಸದಿದ್ದರೆ ಸಾಲಗಾರರೇ ಕೇಂದ್ರ ರಿಜಿಸ್ಟ್ರಾರ್‌ಗೆ ಬರೆಯಬಹುದು. ಅವರು ಬ್ಯಾಂಕಿಗೆ ನೋಟಿಸ್ ಕೊಟ್ಟು 14 ದಿನ ಮೀರದಂತೆ ಕಾರಣ ಕೇಳುತ್ತಾರೆ.

ಯಾರಾದರೂ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಸುತ್ತೋಲೆ ತೋರಿಸಬಹುದು. 30 ದಿನದಲ್ಲಿ ಪತ್ರ ಕೊಟ್ಟು ಚಾರ್ಜ್ ತೆಗೆಸದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಇರುವುದು. ಅದು ವೈಯಕ್ತಿಕ ಸಾಲಗಳಿಗೆ, ಗೃಹಸಾಲ ಅದರೊಳಗೆ ಬರುತ್ತದೆ. ಗಿರಣಿ ಸಾಲ ವ್ಯಾಪಾರದ್ದು. ಆ ಲೆಕ್ಕ ಹಾಕಿಕೊಂಡು ಕೂರಬೇಡಿ.

ಪೀಣ್ಯ_ಲೇತ್

ನನ್ನದೂ ಹೇಳಿಬಿಡುತ್ತೇನೆ. ಪ್ಯಾನ್ ಹಾಕಿದೆ. ಮೆಷಿನ್, ಸ್ಟಾಕು, ಬಾಕಿ ಎಲ್ಲಾ ಒಂದು ಬ್ಯಾಂಕಿಗೆ ಹೈಪಾಥಿಕೇಟ್ ಆಗಿದೆ. ಮಾಲೀಕರು ಒಳ್ಳೆಯವರು, ಮುಚ್ಚಿಡಲಿಲ್ಲ. "ಬ್ಯಾಂಕಿಗೆ ಕೇಳಿ ಎನ್‌ಓಸಿ ತಂದುಕೊಡುತ್ತೇನೆ, ನೀವು ಹಣ ಸಿಸಿ ಖಾತೆಗೇ ಹಾಕಿ" ಅಂದರು. ರೇಟಿನಲ್ಲೂ ಸ್ವಲ್ಪ ಇಳಿದರು.

ಮಂಡ್ಯ_ಕಬ್ಬು

ಸುಮಾ ಮೇಡಂ, ಖಾಸಗಿ ಬಡ್ಡಿ ಸಾಲ, ಕ್ರೆಡಿಟ್ ಸೊಸೈಟಿಯವರು ಪತ್ರ ಇಟ್ಟುಕೊಂಡಿದ್ದರೆ?

ವಕೀಲೆ_ಸುಮಾ

ಅದೇ ತೊಂದರೆ. ಸಹಕಾರಿ ಬ್ಯಾಂಕುಗಳಿಗೆ ಸರ್ಫೇಸಿ ಅನ್ವಯ ಅಂತ ಸುಪ್ರೀಂ ಕೋರ್ಟ್ 2020ರ ಮೇನಲ್ಲಿ ಹೇಳಿದೆ, ಅವರು ಸೆರ್ಸಾಯ್‌ಗೆ ಬರಲೇಬೇಕು. ಬ್ಯಾಂಕ್ ಅಲ್ಲದ ಸೊಸೈಟಿ, ಬಡ್ಡಿ ವ್ಯವಹಾರದವರು ಬೇಕಾದರೆ ದಾಖಲಿಸಲು 26ಬಿಯಲ್ಲಿ ಅವಕಾಶ ಇದೆ, ಆದರೆ ಆ ಕಡೆ ತಲೆ ಹಾಕುವವರು ಕಡಿಮೆ. ಅವರು ಅಡಮಾನ ಪತ್ರ ನೋಂದಣಿ ಮಾಡಿಸಿದ್ದರೆ ಇಸಿಯಲ್ಲಿ ಸಿಗುತ್ತದೆ. ಬರೀ ಪತ್ರ ಇಟ್ಟುಕೊಂಡಿದ್ದರೆ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೇ ಒರಿಜಿನಲ್ ಕಣ್ಣಾರೆ ನೋಡದೆ ಮುಂದುವರಿಯಬೇಡಿ ಅನ್ನುವುದು.

ಚೇತು_ತುಮಕೂರು

ಮೇಡಂ, ಬ್ಯಾಂಕಿನ ಪತ್ರ ಬಂತು. ನೀವು ಅಂದ ಹಾಗೆ ಎರಡು ಖಾತೆ ಇದೆ. ಎರಡೂ ಸೇರಿದ ಬಾಕಿ ನಾವು ಮಾತಾಡಿದ ಬೆಲೆಗಿಂತ ಕಮ್ಮಿಯೇ ಇದೆ. ನನ್ನ ಗೃಹಸಾಲದ ಬ್ಯಾಂಕಿನವರು ನೇರವಾಗಿ ಅಲ್ಲಿಗೇ ಡಿಡಿ ಕೊಡಲು ಒಪ್ಪಿದ್ದಾರೆ. ಕಂಪ್ಲೇಂಟ್ ವಾಪಸ್ ತೆಗೆದುಕೊಂಡು ಅದರ ಕಾಗದ ತರದೆ ಅಗ್ರಿಮೆಂಟ್ ಇಲ್ಲ ಅಂದಿದ್ದೇನೆ.

ಪತ್ರಬರಹ_ಹಾಸನ

ಚೇತು ಅವರೇ, ಹಾಗಾದರೆ ರಿಜಿಸ್ಟ್ರೇಷನ್ನಿಗೆ ಸ್ಲಾಟ್ (ನಿಗದಿತ ಸಮಯ) ತೆಗೆದುಕೊಳ್ಳುವಾಗ ನೋಡಿಕೊಳ್ಳಿ. ಡಿಡಿ ಕೊಟ್ಟ ದಿನವೇ ಪತ್ರ ಸಿಗುತ್ತದೆ ಅಂತ ಬ್ರಾಂಚಿನವರು ಹೇಳಿದರೂ ನಂಬಿ ಅದೇ ಮಧ್ಯಾಹ್ನಕ್ಕೆ ರಿಜಿಸ್ಟ್ರೇಷನ್ ಇಟ್ಟುಕೊಳ್ಳಬೇಡಿ. ಪತ್ರ ಅವರ ಸ್ಟೋರ್‌ನಿಂದ ಬರಬೇಕು, ತಡವಾಗುತ್ತದೆ. ಒರಿಜಿನಲ್ ಕೈಗೆ ಬಂದ ಮೇಲೆ ಸ್ಲಾಟ್. ಕ್ರಯಪತ್ರದಲ್ಲಿ ಆ ಸಾಲದ ವಿವರ, ತೀರಿಸಿದ ದಿನ, ಡಿಡಿ ನಂಬರ್ ಎಲ್ಲಾ ಬರೆಸಿ. ಸಾಕ್ಷಿಗೆ ಗಿರಣಿ ಅಣ್ಣನನ್ನೇ ಸಹಿ ಹಾಕಿಸಿ.

ಹಳೇಬ್ಯಾಂಕಿನವ

ಸಾಕ್ಷಿಯ ಐಡಿಯಾ ಚೆನ್ನಾಗಿದೆ. ಅದರ ಜೊತೆ ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಸೆರ್ಸಾಯ್ ಇನ್ನೊಂದು ಸಲ ನೋಡಿ, ಪ್ಯಾನ್ ಮೇಲೂ. ಈ ನಡುವೆ ಬೇರೆ ಯಾರಾದರೂ ದಾಖಲಿಸಿದ್ದರೆ ಗಂಟೆ ಸಮೇತ ಬಂದಿರುತ್ತದೆ.